ಕಳೆಯುವ ಲೆಕ್ಕ ಬಂದ ದಿನ

ಕೂಡುವ ಲೆಕ್ಕದಲ್ಲಿ ನಾನು ಯಾವತ್ತೂ ಸೋತವನಲ್ಲ. ಬಂದದ್ದನ್ನೆಲ್ಲ ಸೇರಿಸಿಕೊಂಡು ಹೋದರಾಯಿತು, ಹಬ್ಬದ ಊಟಕ್ಕೆ ನೆಂಟರನ್ನು ಕೂರಿಸಿದ ಹಾಗೆ. ನನ್ನ ಕಷ್ಟವೆಲ್ಲ ಕಳೆಯುವುದರಲ್ಲಿ. ಆಗ ಎರಡನೇ ಮಹಾಯುದ್ಧದ ಕಾಲ. ಕುಂದಾಪುರದ ನಮ್ಮ ಶಾಲೆಯ ಗಣಿತದ ಮೇಷ್ಟ್ರು ಸೈನ್ಯಕ್ಕೆ ಸೇರಿದ್ದರಿಂದ, ಹಳಗನ್ನಡ ಹೇಳಿಕೊಡುತ್ತಿದ್ದ ನನ್ನ ತಲೆಗೆ ಅವರ ಬೀಜಗಣಿತವನ್ನು ಕಟ್ಟಿದರು. ಸೋಮವಾರ ಬಹುಪದಗಳನ್ನು ಕಳೆಯುವ ಪಾಠ. ಹೆಡ್ಮಾಸ್ಟರು ತಾವೇ ಬಂದು ಹಿಂದಿನ ಬೆಂಚಿನಲ್ಲಿ ಕೂರುವುದಾಗಿ ಹೇಳಿದ್ದರು.

ಐದು ಎಕ್ಸ್ ಪ್ಲಸ್ ನಾಲ್ಕರಿಂದ ಮೂರು ಎಕ್ಸ್ ಮೈನಸ್ ಎರಡನ್ನು ಕಳೆದರೆ ಎರಡು ಎಕ್ಸ್ ಪ್ಲಸ್ ಆರು ಎನ್ನುತ್ತಿತ್ತು ಪುಸ್ತಕ. ಎಕ್ಸಿನ ಮಾತು ಬಿಡಿ, ಕಳೆಯಲು ಹೊರಟವನ ಕೈಯಲ್ಲಿ ನಾಲ್ಕು ಹೋಗಿ ಆರಾಗುವುದೆಂದರೇನು? ಕಳೆಯುವ ಸಾಲನ್ನು ಆವರಣದಲ್ಲಿ ಹಾಕಿ ಒಳಗಿನ ಚಿಹ್ನೆಗಳನ್ನೆಲ್ಲ ಬದಲಿಸಿ ಎಂದು ಅದು ಅಪ್ಪಣೆ ಕೊಡುತ್ತಿತ್ತೇ ಹೊರತು ಯಾಕೆ ಎಂದು ಹೇಳುತ್ತಿರಲಿಲ್ಲ. ಕಾಗದಕ್ಕೂ ಬರಗಾಲ. ಶಾಲೆಯ ಸೀಮೆಸುಣ್ಣ ತಂದು, ಹೆಂಡತಿ ರುಕ್ಮಿಣಿ ಆಗಷ್ಟೇ ಸಗಣಿ ಸಾರಿಸಿದ್ದ ಜಗಲಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕಳೆದೆ.

"ಜಗಲಿ ಇಪ್ಪುದ್ ಕೂಕಂಬುಕೆ, ಗೀಚುಕಲ್ಲ. ನಾನ್ ಅಪ್ಪನ್ ಮನಿಗ್ ಹೋತೆ" ಎಂದಳು, ಹೋದಳು.

ಭಾನುವಾರ ಅವಳನ್ನು ಕರೆತರಲು ಬಸ್ರೂರಿಗೆ ನಡೆದೆ. ಅಳಿಯ ಎಂದರೆ ತುಪ್ಪದ ಗಿಂಡಿ ಹಿಡಿದು ನಿಲ್ಲುವ ಅತ್ತೆ ಅಂದು ನನ್ನನ್ನು ಕಂಡೂ ಕಾಣದವರಂತೆ ಒಳಗೆ ಹೋದರು. ನಗುನಗುತ್ತಾ ಕಾಲಿಗೆ ನೀರು ಕೊಡುತ್ತಿದ್ದ ನಾದಿನಿ ಚೊಂಬನ್ನು ಕುಕ್ಕಿದಳು. ಮದುವೆಯಾದಾಗಿನಿಂದ ನನ್ನಲ್ಲಿ ಒಂದೇ ಒಂದು ಒಳ್ಳೆಯ ಗುಣವನ್ನೂ ಕಾಣದ, ರುಕ್ಮಿಣಿಯ ಅಣ್ಣ, ಅಂದರೆ ನನ್ನ ಭಾವ, ಮಾತ್ರ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ಬನ್ನಿ ಭಾವ, ಕೂಕಣಿ. ನೆಲ ಮತ್ತೆ ಸಾರ್ಸ್ಲಕ್ಕ್. ಅಷ್ಟಕ್ಕೆಲ್ಲ ಗಂಡನ್ ಮನೆ ಬಿಟ್ಟ್ ಬಪ್ಪುದಾ?"

ತಟ್ಟನೆ ಹೊಳೆಯಿತು. ರುಕ್ಮಿಣಿ ಒಬ್ಬಳೇ ಹೋದದ್ದಲ್ಲ, ಅವಳ ಆವರಣದ ಒಳಗಿದ್ದವರೆಲ್ಲ ಚಿಹ್ನೆ ಬದಲಿಸಿಕೊಂಡಿದ್ದಾರೆ! ಪ್ಲಸ್ ಆಗಿದ್ದ ಅತ್ತೆ, ನಾದಿನಿ ಮೈನಸ್. ಹುಟ್ಟಾ ಮೈನಸ್ ಆಗಿದ್ದ ಭಾವ ಪ್ಲಸ್ ಆಗಿ ನನ್ನ ಪಕ್ಕದಲ್ಲೇ ನಿಂತಿದ್ದಾರೆ. ಮೈನಸ್ ಎಂಬ ಅಡ್ಡಿಯನ್ನು ತೆಗೆದರೆ ಅದೇ ಲಾಭ, ನಾಲ್ಕು ಆರಾಗದೆ ಇನ್ನೇನಾಗಬೇಕು? ನನಗಾದ ಸಂತೋಷ ಅಷ್ಟಿಷ್ಟಲ್ಲ. ಭಾವನನ್ನು ತಬ್ಬಿಕೊಂಡು, ಇದ್ದಿಲು ಉರಿಸಿ ಓಡುವ ಬಸ್ಸಿಗೂ ಕಾಯದೆ ಕುಂದಾಪುರದವರೆಗೆ ಓಡಿದೆ. ದಾರಿಯುದ್ದಕ್ಕೂ ಬಾಯಲ್ಲೇ ಲೆಕ್ಕ ಮಾಡಿದೆ. ಎಲ್ಲ ಸರಿ ಬಂತು.

ಜಗಲಿ ಹತ್ತುತ್ತಲೇ "ಗೊತ್ತಾಯ್ತ್ ಕಾಣ್, ರುಕ್ಮಿಣಿ" ಎಂದು ಕೂಗಿದೆ. ಬಾಗಿಲಿಗೆ ನಾನೇ ಹಾಕಿದ್ದ ಬೀಗ ಹಾಗೇ ಇತ್ತು. ಬಸ್ರೂರಿನ ಬಾಗಿಲಲ್ಲಿ ಅವಳು ಬಟ್ಟೆಗಂಟು ಹಿಡಿದು ಹೊರಡಲು ಸಿದ್ಧಳಾಗಿ ನಿಂತಿದ್ದದ್ದು ಆಗ ನೆನಪಾಯಿತು.

ಸೋಮವಾರದ ಪಾಠ ಎಷ್ಟು ಚೆನ್ನಾಗಾಯಿತೆಂದರೆ ಹೆಡ್ಮಾಸ್ಟರೇ ಎದ್ದು ಬಂದು ಬೆನ್ನು ತಟ್ಟಿದರು. ಅದೇ ಸಂಜೆ ಮತ್ತೆ ಬಸ್ರೂರಿಗೆ ಹೋದೆ. ಈ ಸಲ ಭಾವನೂ ಮುಖ ತಿರುಗಿಸಿದರು. ಆವರಣದೊಳಗಿನವರೆಲ್ಲ ಒಟ್ಟಿಗೇ ಮೈನಸ್ ಆಗುವುದು ಹೇಗೆಂಬುದು ಆ ಪುಸ್ತಕದಲ್ಲಿ ಇರಲಿಲ್ಲ.