ಊದಬಾರದ ತುತ್ತು

ಬೆಳ್ಳಿಯಪ್ಪನವರ ದವಡೆ ಹಲ್ಲಿಗೆ ಕೊಯಮತ್ತೂರಿನ ಡಾಕ್ಟರು ಬೆಳ್ಳಿ ತುಂಬಿ ಕಳಿಸಿ ವಾರವೂ ಆಗಿರಲಿಲ್ಲ. ನೋವು ಹೋಗಿ ನೆಮ್ಮದಿ ಬಂದಿತ್ತು. ಆ ನೆಮ್ಮದಿಗೆ ಕಲ್ಲು ಹಾಕಿದವನು ಪಕ್ಕದ ಮನೆಯ ಅಕ್ಕಸಾಲಿಗ ಈಶ್ವರನ್.

ಬೆಳ್ಳಿಯಪ್ಪನವರ ಎರಡು ವರ್ಷದ ಮೊಮ್ಮಗಳು ಅಪೂರ್ವ, ತಾತ ಊದಿ ಕೊಡದೆ ಒಂದು ಅಗುಳನ್ನೂ ನುಂಗುವವಳಲ್ಲ. ಇದು ಕೊಯಮತ್ತೂರಿನ ಹತ್ತಿರದ ಕಾರಮಡೈ ಊರಿನ ಆ ಬೀದಿಗೆಲ್ಲ ಗೊತ್ತು. ಬಾಳೆಕಾಯಿ ಮಂಡಿಯಲ್ಲಿ ಆಳುಗಳ ಮೇಲೆ ಗುಡುಗುವ ಬೆಳ್ಳಿಯಪ್ಪ, ಊಟದ ಹೊತ್ತಿಗೆ ಮನೆಗೆ ಓಡಿ ಬಂದು ತುಟಿ ಮುಂದೆ ಮಾಡಿಕೊಂಡು ಕೂರುತ್ತಿದ್ದರು. ಅದಕ್ಕಿಂತ ದೊಡ್ಡ ಹುದ್ದೆ ಅವರಿಗೆ ಬೇಕಾಗಿಯೂ ಇರಲಿಲ್ಲ.

ಅವತ್ತು ಬೆಳಿಗ್ಗೆ ಬಿಸಿ ಪೊಂಗಲ್ ಊದುತ್ತಿದ್ದಾಗ ಈಶ್ವರನ್ ಒಳಗೆ ಬಂದ. ತಮಿಳಿನವನಾದರೂ ಆ ಮನೆಯ ಕನ್ನಡ ಅವನ ನಾಲಿಗೆಗೆ ಹತ್ತಿತ್ತು.

"ಅಣ್ಣಾ, ಊದ್‌ಬೇಡಿ. ಹಲ್ಲಿನ ಬೆಳ್ಳಿಗೆ ಪಾದರಸ ಕಲಸಿರ್ತಾರೆ. ಅದು ಆವಿಯಾಗಿ ಬರ್ತೈತೆ. ನಮ್ಮ ಕೆಲಸದಾಗೆ ನಾವು ಕಂಡಿಲ್ವಾ? ನೀವು ಊದಿದ್ದೆಲ್ಲ ಪಾಪು ಹೊಟ್ಟೆಗೇ ಹೋಗೋದು."

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಅಪೂರ್ವ ಒಂದು ಕ್ಷಣ ಕಾದು, ಬಾಯಿ ಬಿಗಿದುಕೊಂಡಳು.

ಎದುರು ಮನೆಯ ಗೋಮತಿ ಬೀಸಣಿಗೆ ತಂದಳು. ಮಗು ಬೀಸಣಿಗೆಯನ್ನೇ ಕಚ್ಚಿತು. ಬಾಯಿಗೆ ಟವೆಲ್ ಕಟ್ಟಿಕೊಂಡು ಊದಿದರೆ ಆವಿ ಸೋಸಿ ಬರುತ್ತದೆಂದು ಗೋಮತಿಯೇ ಹೇಳಿದಳು. ಟವೆಲ್ ಕಟ್ಟಿದ ತಾತನನ್ನು ನೋಡಿ ಮಗು ಕಿಟಾರನೆ ಕಿರುಚಿತು. ಕೊನೆಗೆ ಈಶ್ವರನ್, "ಸೆರಿ, ದೂರದಿಂದ ಊದಿ," ಎಂದು ಚಿನ್ನ ಕಾಯಿಸುವ ಊದುಗೊಳವೆ ತಂದುಕೊಟ್ಟ. ಬೆಳ್ಳಿಯಪ್ಪ ಎದೆ ತುಂಬ ಉಸಿರೆಳೆದು ಊದಿದರು. ಪೊಂಗಲ್ ಪೂರ್ತಿ ಗೋಮತಿಯ ಸೀರೆಗೆ ಹೋಯಿತು.

"ನಿಮ್ಮ ಹಲ್ಲಿನ ಸೊಗಸಿಗೆ ನನ್ ಮಗು ಉಪವಾಸ ಬಿತ್ತಲ್ಲ," ಎಂದು ಹೆಂಡತಿ ಜಾನಮ್ಮ ಕಣ್ಣೊರೆಸಿಕೊಂಡಳು.

ಬೆಳ್ಳಿಯಪ್ಪ ಚಪ್ಪಲಿ ಮೆಟ್ಟಿ ಬೀದಿಗಿಳಿದರು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು, ಡಾಕ್ಟರು ಸಿಗಲಿಲ್ಲ. ಮಂಡಿಯ ಬಾಗಿಲನ್ನೂ ತೆಗೆಯದೆ ಕೊಯಮತ್ತೂರಿನ ಬಸ್ಸು ಹತ್ತಿದರು.

ಬೆಳ್ಳಿ ತುಂಬಿದ್ದ ದಂತವೈದ್ಯ ಪ್ರಣವ್ ದಾವಣಗೆರೆ ಕಡೆಯ ಹುಡುಗ.

"ಈ ಬೆಳ್ಳಿ ಕಿತ್ತಾಕಿ ಡಾಕ್ಟ್ರೇ. ಬೇಕಾದ್ರೆ ಹಲ್ಲೂ ಕಿತ್ಕೊಳ್ಳಿ."

ಪ್ರಣವ್ ಕತೆಯನ್ನೆಲ್ಲ ಕೇಳಿ, ನಗು ಬಂದರೂ ನಗಲಿಲ್ಲ. "ಪಾದರಸ ಇರೋದು ನಿಜ ಯಜಮಾನ್ರೇ. ಆದ್ರೆ ಬೆಳ್ಳಿ ಜೊತೆ ಸೇರಿ ಗಟ್ಟಿಯಾಗಿದೆ. ಅಗಿಯುವಾಗ ಒಂಚೂರು ಆವಿ ಬರುತ್ತೆ, ತೀರಾ ಕಡಿಮೆ. ಈಗ ಕೊರೆದು ತೆಗೆದ್ರೇ ಜಾಸ್ತಿ ಬರೋದು."

"ಹಂಗಾದ್ರೆ ಬಿಳೀದು ಹಾಕ್ಬಿಡಿ."

"ಅದು ಪ್ಲಾಸ್ಟಿಕ್ ಜಾತಿ. ಅದರಿಂದ ಏನು ಒಸರುತ್ತೆ ಅಂತ ನಿಮ್ಮ ಪಕ್ಕದ ಮನೆಯವರು ನಾಳೆ ಹೇಳ್ತಾರೆ."

"ಊದಬಹುದಾ ಡಾಕ್ಟ್ರೇ? ಅಷ್ಟು ಹೇಳಿ."

"ಧಾರಾಳವಾಗಿ ಊದಿ. ಮಗುವಿಗೆ ಏನೂ ಆಗಲ್ಲ."

ಬೆಳ್ಳಿಯಪ್ಪನವರಿಗೆ ಆ ಹುಡುಗನ ಕಾಲಿಗೆ ಬೀಳಬೇಕೆನಿಸಿತು. ವಾಪಸು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಮೆಲ್ಲಗೆ ಊದಿ ನೋಡಿಕೊಂಡರು. ಪಕ್ಕದಲ್ಲಿ ಕೂತಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು.

ಮನೆ ಸೇರಿದಾಗ ಸಂಜೆಯಾಗಿತ್ತು. ಬಾಗಿಲಲ್ಲೇ ಕೂಗಿದರು: "ಅಪ್ಪೂ, ಬಾ ಕಂದಾ. ಡಾಕ್ಟ್ರು ಊದು ಅಂದವ್ರೆ."

ಅಪೂರ್ವ ನಡುಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಮೂಗಿನ ಮೇಲೆಲ್ಲ ಮೊಸರನ್ನ. ಕೆನ್ನೆ ಉಬ್ಬಿಸಿಕೊಂಡು ತನ್ನ ತುತ್ತನ್ನು ತಾನೇ ಊದಿಕೊಳ್ಳುತ್ತಿದ್ದಳು. ಅನ್ನ ತಣ್ಣಗಿತ್ತು ಎಂಬುದು ಅವಳಿಗೆ ಲೆಕ್ಕಕ್ಕಿರಲಿಲ್ಲ.

"ನಾನೇ ಕಲಿಸ್ಬಿಟ್ಟೆ ಅಣ್ಣಾ," ಎಂದ ಈಶ್ವರನ್, ಬಿರುದು ಗೆದ್ದವನಂತೆ. "ಇನ್ಮೇಲೆ ನಿಮಗೆ ತೊಂದರೆನೇ ಇಲ್ಲ."

ಬೆಳ್ಳಿಯಪ್ಪ ಪಕ್ಕದಲ್ಲಿ ಕೂತು, ಆಸೆಯಿಂದ ತಟ್ಟೆಗೆ ಕೈ ಹಾಕಿದರು. ಮಗು ಆ ಕೈಯನ್ನು ಆಚೆ ತಳ್ಳಿತು.

"ತಾತ ಬೇಡ. ನಾನೇ."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಅಳುವುದೋ ನಗುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಅಪೂರ್ವ ಒಂದು ತುತ್ತು ಎತ್ತಿ, ಗಾಳಿಗಿಂತ ಹೆಚ್ಚು ಎಂಜಲು ಬರುವಂತೆ ಊದಿ, ಅವರ ಮುಖದ ಹತ್ತಿರ ಹಿಡಿದಳು.

ತಾತನಿಗೆ ಬಾಯಿ ತೆರೆಯುವ ಕೆಲಸವೊಂದೇ ಉಳಿದಿತ್ತು.