ತೆಂಗಿನ ಮರದ ಕೆಳಗೆ ಯಾರೂ ಇಲ್ಲ

‘ಕೆಳಗೆ ಯಾರೂ…’ ಎಂದು ರಾಗ ಎಳೆದು ಮೇಲಿನಿಂದ ಇಳಿಯುತ್ತಿದ್ದ ಆ ಕೂಗು ಈಗಲೂ ಕೆಲವು ದಿನ ಬೆಳಿಗ್ಗೆ ನನ್ನ ಕಿವಿಗೆ ಬೀಳುತ್ತದೆ. ಜಾವಳಿಯ ನಮ್ಮ ಕಾಫಿ ಕಣದ ಅಂಚಿಗೆ ನಾಲ್ಕು ತೆಂಗಿನ ಮರಗಳಿವೆ. ನಾನು ಮದುವೆಯಾಗಿ ಬಂದಾಗ ಅವು ನನ್ನಷ್ಟೇ ಎತ್ತರವಿದ್ದವು. ನಾನು ಅಲ್ಲಿಗೇ ನಿಂತೆ, ಅವು ನಿಲ್ಲಲಿಲ್ಲ. ಅವುಗಳ ಒಣಗರಿ ಇಳಿಸಲು ಬರುತ್ತಿದ್ದವನು ಸೇಸಪ್ಪ. ಕತ್ತಿ ಬೀಸುವ ಮುಂಚೆ ಅವನು ಹಾಗೆ ಕೂಗಬೇಕು, ಕೆಳಗಿನವರು ದೂರ ನಿಂತು ‘ಯಾರೂ ಇಲ್ಲ’ ಅನ್ನಬೇಕು, ಆಮೇಲೆಯೇ ಗರಿ ಬೀಳಬೇಕು. ಇದು ಅವನ ಅಪ್ಪನ ಕಾಲದ ಕ್ರಮ. ಉತ್ತರ ಕೊಡುವ ಕೆಲಸ ನನ್ನದು. ಕಾನ್ವೆಂಟಿನಲ್ಲಿ ಎಲೊಕ್ಯೂಶನ್ ಕಲಿಸುತ್ತಿದ್ದ ಸಿಸ್ಟರ್, ಸ್ವರ ಗಂಟಲಿನಿಂದಲ್ಲ ಹೊಟ್ಟೆಯಿಂದ ಬರಬೇಕು ಎಂದು ನನ್ನ ಹೊಟ್ಟೆಗೆ ಸ್ಕೇಲಿನಿಂದ ತಿವಿಯುತ್ತಿದ್ದರು. ಅಷ್ಟು ವರ್ಷ ತಿವಿಸಿಕೊಂಡ ವಿದ್ಯೆ ಕೊನೆಗೆ ತೆಂಗಿನ ಮರದ ಬುಡದಲ್ಲಿ ಉಪಯೋಗಕ್ಕೆ ಬಂತು.

ಸೇಸಪ್ಪನಿಗೆ ಅರವತ್ತು ದಾಟಿತ್ತು. ಒಮ್ಮೆ ಅರ್ಧ ಮರದಿಂದ ಜಾರಿ, ಎದೆಯ ಚರ್ಮವನ್ನೆಲ್ಲ ಮರಕ್ಕೇ ಕೊಟ್ಟು ಬಂದಿದ್ದ. ಅವನ ಹೆಂಡತಿ ಗಿರಿಜ ಹಿತ್ತಲ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ತಾನು ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲವಂತೆ. ಅಮ್ಮೋರು ಇಂಗ್ಲಿಷಿನಲ್ಲಿ ಬೈದರೆ ಕೇಳಬಹುದಂತೆ. ನಾನು ಚಿಕ್ಕಮಗಳೂರಿಗೇ ಹೋಗಿ ಒಂದು ಸೇಫ್ಟಿ ಬೆಲ್ಟ್ ತಂದೆ. ಸೇಸಪ್ಪ ಮರ್ಯಾದೆಯಿಂದ ಅದನ್ನು ಸೊಂಟಕ್ಕೆ ಬಿಗಿದ. ಮರವನ್ನು ಸುತ್ತಬೇಕಿದ್ದ ಅದರ ಹಗ್ಗವನ್ನು ಹೆಗಲಿಗೆ ಹಾಕಿ, ಕೊಕ್ಕೆಗೆ ಎಲೆಯಡಿಕೆ ಚೀಲ ತೂಗುಬಿಟ್ಟು ಹತ್ತಿಯೇಬಿಟ್ಟ. ಅದು ಕೋಟ್ ಹ್ಯಾಂಗರ್ ಅಲ್ಲ ಮಾರಾಯ ಎಂದು ಕೂಗಿದೆ. ಒಳ್ಳೇ ಸಾಮಾನು ಅಮ್ಮೋರೇ, ಕೈ ಖಾಲಿಯಾಯ್ತು ಎಂದು ಮೇಲಿನಿಂದ ಮೆಚ್ಚಿಕೊಂಡ.

ಮುಂದಿನ ಸಲ ನಾನು ಬಿಡಲಿಲ್ಲ. ಹಗ್ಗ ಮರವನ್ನು ಸುತ್ತಿದೆಯೇ, ಕೊಕ್ಕೆ ಬಿದ್ದಿದೆಯೇ ಎಂದು ನೋಡುವ ಹಟಕ್ಕೆ ಒಂದೊಂದೇ ಹೆಜ್ಜೆ ಮುಂದೆ ಹೋದೆ. ಕ್ಯಾಟರ್ಯಾಕ್ಟ್ ಆಪರೇಷನ್ ಆಗಬೇಕಿದ್ದ ಕಣ್ಣು. ದೂರದಿಂದ ಕೊಕ್ಕೆಯೂ ಕಾಗೆಯೂ ಒಂದೇ. ಕತ್ತು ಹಿಂದಕ್ಕೆ ಬಾಗಿಸಿ, ಸೇಫ್ಟಿ ಫಸ್ಟ್ ಎಂದು ಲೆಕ್ಚರ್ ಕೊಡುತ್ತಲೇ ಇದ್ದೆ. ಆಗ ಮೇಲಿನಿಂದ ‘ಕೆಳಗೆ ಯಾರೂ…’ ಬಂತು. ನಲವತ್ತು ವರ್ಷದ ಅಭ್ಯಾಸ ನೋಡಿ, ಹೊಟ್ಟೆಯಿಂದ, ಖಣಿ ಖಣಿ ಎನ್ನುವ ಸ್ವರದಲ್ಲಿ ‘ಯಾರೂ ಇಲ್ಲ’ ಎಂದೆ.

ಗರಿ ನನ್ನ ಕನ್ನಡಕವನ್ನು ಕಿತ್ತುಕೊಂಡು, ಪಕ್ಕದಲ್ಲಿಟ್ಟಿದ್ದ ಕಾಫಿ ಲೋಟವನ್ನು ತಟ್ಟೆ ಮಾಡಿ ಮಲಗಿತು.

ಸೇಸಪ್ಪ ಇಳಿದು ಬಂದ. ಗರಿಯಡಿಯಿಂದ ಕನ್ನಡಕ ಹುಡುಕಿ ನನ್ನ ಕೈಗಿತ್ತ.

“ನಿಮ್ ಮಾತು ನಂಬಿ ಕತ್ತಿ ಹಾಕ್ದೆ ಅಮ್ಮೋರೇ,” ಎಂದ. “ನಾ ಬಿದ್ರೆ ನಾನೊಬ್ಬ. ನಿಮ್ಗೇನಾದ್ರೂ ಆಗಿದ್ರೆ ನಾ ಗಿರಿಜಂಗೆ ಏನಂತ ಮುಖ ತೋರಿಸ್ಲಿ?”

ನನ್ನ ಇಂಗ್ಲಿಷನ್ನು ಬದಿಗಿಟ್ಟೆ. ಅಲ್ಲೇ ಒಪ್ಪಂದವಾಯಿತು: ನಾನು ಬಾವಿಕಟ್ಟೆಯ ಆಚೆ ನಿಂತರೆ ಅವನು ಬೆಲ್ಟಿನ ಹಗ್ಗವನ್ನು ಮರಕ್ಕೆ ಸುತ್ತುತ್ತಾನೆ. ಒಂದು ಹೆಜ್ಜೆ ಈಚೆ ಬಂದರೆ ಬಿಚ್ಚುತ್ತಾನೆ. ಆಮೇಲೆ ಆರು ವರ್ಷ ಅವನು ಜಾರಲಿಲ್ಲ. ಆರು ವರ್ಷವೂ ಬಾವಿಕಟ್ಟೆ ದಾಟದೆ ನಿಂತವಳು ನಾನೆಂದು ಗಿರಿಜ ಊರಿಗೆಲ್ಲ ಹೇಳಿದಳು. ಅಷ್ಟು ವಿಧೇಯತೆಯನ್ನು ನನ್ನ ಯಜಮಾನರೂ ಕಂಡಿರಲಿಲ್ಲ.

ಸೇಸಪ್ಪನ ಮೊಣಕಾಲು ಸೋತ ಮೇಲೆ ಅವನೂ ಗಿರಿಜಳೂ ಮಗಳ ಮನೆ ಸೇರಲು ಹೊರಟರು. ಆಲ್ದೂರು ಬಸ್‌ಸ್ಟ್ಯಾಂಡಿನಲ್ಲಿ ಬೆಲ್ಟನ್ನು ಮಡಿಸಿ ನನ್ನ ಕೈಗಿತ್ತು ಬಸ್ ಹತ್ತಿದ. ಬಸ್ ಸ್ಟಾರ್ಟ್ ಆಯಿತು. ಕಿಟಕಿಯಿಂದ ತಲೆ ಹೊರಹಾಕಿ, ಸೀಟಿನವರೆಲ್ಲ ತಿರುಗಿ ನೋಡುವಂತೆ ರಾಗ ಎಳೆದ:

“ಕೆಳಗೆ ಯಾರೂ…”

“ನಾನಿದ್ದೀನಿ ಮಾರಾಯ,” ಎಂದೆ. ಹೊಟ್ಟೆಯಿಂದ ಬರಲಿಲ್ಲ, ಗಂಟಲಿನಿಂದಲೇ ಬಂತು.

“ಹಂಗಾದ್ರೆ ದೂರ ನಿಲ್ಲಿ ಅಮ್ಮೋರೇ.”

ಅವನನ್ನು ನೋಡಿದ್ದು ಅದೇ ಕೊನೆ. ದೂರ ನಿಲ್ಲಿ ಎಂದರೂ, ಕಿಟಕಿ ಹತ್ತಿರದಿಂದ ಕಾಣಲಿ ಎಂದು ನಾನು ಒಂದು ಹೆಜ್ಜೆ ಮುಂದೆಯೇ ಹೋಗಿದ್ದೆ. ಬಸ್ಸಿನ ಹಿಂದಿನ ಚಕ್ರ ಹೊಂಡಕ್ಕಿಳಿದು, ಆಲ್ದೂರಿನ ಅಷ್ಟೂ ಕೆಸರನ್ನು ನನ್ನ ಸೀರೆಗೆ ಎರಚಿತು.