ಕಮೊಡೋರ್ ಸಾಹೇಬರ ಬಡ್ತಿಗಾಗಿ ಬೀರಿದ ಪ್ರಭಾವವನ್ನು ವಾಪಸು ಪಡೆಯುವ ಬಗ್ಗೆ

ಇಂದ:
ದಮಯಂತಿ ಬೊಮ್ಮಯ್ಯ ಹರಿಕಂತ್ರ
ಮೀನು ವ್ಯಾಪಾರ, ಹಾರವಾಡ, ಅಂಕೋಲಾ ತಾಲೂಕು

ಗೆ:
ದೊಡ್ಡ ಅಧಿಕಾರಿಗಳ ಬಡ್ತಿ ತೀರ್ಮಾನಿಸುವ ಮಂಡಳಿಯ ಅಧ್ಯಕ್ಷರು, ದೆಹಲಿ
(ಪೂರ್ತಿ ವಿಳಾಸ ಗೊತ್ತಿಲ್ಲ. ಪೋಸ್ಟಿನವರು ದಯವಿಟ್ಟು ಹುಡುಕಿ ಮುಟ್ಟಿಸುವುದು.)

ವಿಷಯ: ಕಮೊಡೋರ್ ರಾಜೀವ ಸಾಹೇಬರ ಬಡ್ತಿ ಕಡತದಿಂದ ನನ್ನ ರಾಜಕೀಯ ಪ್ರಭಾವವನ್ನು ತೆಗೆದುಹಾಕುವ ಕುರಿತು.

ಉಲ್ಲೇಖ: 1. ನಮ್ಮ ಕಡೆಯ ನಾಯಕರೊಬ್ಬರ ಶಿಫಾರಸು ಪತ್ರ.
2. ಆ ಬಗ್ಗೆ ಸಾಹೇಬರಿಗೆ ಬಂದ ಕಾರಣ ಕೇಳುವ ನೋಟೀಸು.
3. ನನ್ನ ಗಂಡ ಬೊಮ್ಮಯ್ಯನವರ ಬಾಯಿಮಾತಿನ ಆಕ್ಷೇಪಣೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡುವುದೇನೆಂದರೆ:

1. ಕಳೆದ ಮಳೆಗಾಲದ ಕೊನೆಗೆ ನನ್ನ ಮಗ ರೂಪೇಶನಿದ್ದ ದೋಣಿಯ ಎಂಜಿನ್ ಕೆಟ್ಟಿತು. ಗಾಳಿ ದೋಣಿಯನ್ನು ಕಾರವಾರದ ಕಡೆ ತಳ್ಳಿ, ಕಡಲಪಡೆಯವರು ಯಾರನ್ನೂ ಬಿಡದ ಜಾಗಕ್ಕೆ ಒಯ್ದಿತು. ಅಲ್ಲಿಯ ಕಡಲಪಡೆಯ ದೊಡ್ಡ ಅಧಿಕಾರಿಯಾದ ಸದರಿ ಸಾಹೇಬರು ಕೇಸು ಹಾಕಿಸುವ ಬದಲು ಬೋಟು ಕಳಿಸಿ ಎಳೆತರಿಸಿ, ಚಹಾ ಕೊಡಿಸಿ, ಬೈದು ಮನೆಗೆ ಕಳಿಸಿದರು. (ಈಗ ಕೇಸು ಹಾಕುವುದಿದ್ದರೆ ಗಾಳಿಯ ಮೇಲೆ ಹಾಕಬಹುದು.)

2. ದೋಣಿ ಎಳೆಯಲು ಕೈ ಕೊಟ್ಟವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಪಾಲು ಮೀನು ಕೊಡಲೇಬೇಕು. ಸಾಹೇಬರು ಮೀನು ತಿನ್ನದವರು, ಧಾರವಾಡದ ಕಡೆಯವರು. ಮಾವಿನ ಕಾಲ ಬಂದಾಗ ಕರಿ ಇಶಾಡ ಹಣ್ಣು ಒಯ್ದರೆ ದುಡ್ಡು ಕೊಟ್ಟೇ ತೆಗೆದುಕೊಂಡರು. ಆದ್ದರಿಂದ ಋಣ ಹಾಗೇ ಉಳಿಯಿತು.

3. ಹಣ್ಣು ಒಯ್ದ ದಿನವೇ ಅವರ ಹೆಂಡತಿ ಪೂರ್ಣಿಮಾ ಅಮ್ಮನವರು, "ಈ ಸರ್ತಿ ಇವರ ಬಡ್ತಿ ಕಷ್ಟ ಅದ ದಮಯಂತಿ. ಇನ್ನೊಬ್ಬರಿಗೆ ಮ್ಯಾಲಿಂದ ಫೋನ್ ಬಂದದಂತ. ಇವರಿಗೆ ಯಾರಿದ್ದಾರ? ಆಗಲಿಲ್ಲಂದ್ರ ನೌಕರಿ ಮುಗೀತು" ಎಂದರು.

"ಯಾರಿಲ್ಲ ಅಂದ್ರೆ ಎಂತಾ ಅಮ್ಮಾ? ನಾವಿಲ್ವಾ?" ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

4. ನಾಯಕರ ಪತ್ರವಿಲ್ಲದೆ ನಮ್ಮೂರ ಕಂಬಕ್ಕೆ ಬಲ್ಬೂ ಏರುವುದಿಲ್ಲ. ಕಾರಣ, ಒಂದು ದೊಡ್ಡ ಇಸ್ವಾಣ ಮೀನು ಹಿಡಿದು ನಾಯಕರ ಮನೆಗೆ ಹೋದೆ. ಅವರ ಪತ್ರ ಬರೆಯುವ ಯೋಗೇಶ ಕೇಳಿದ:

"ಅಕ್ಕಾ, ಕಮೊಡೋರ್ ಅಂದ್ರೆ ಯಾವ ಇಲಾಖೆ?"

"ಸಮುದ್ರದ್ದು."

"ಮೀನುಗಾರಿಕೆಯಾ?"

"ಅಲ್ವೋ, ಬಂದೂಕಿಂದು."

ಅಂಗನವಾಡಿ ವರ್ಗಾವಣೆಗೆಂದು ಇಟ್ಟುಕೊಂಡ ಪತ್ರದಲ್ಲೇ ಅವನು ಹೆಸರು ಬದಲಿಸಿದ. ಕಾರಣ, "ಸದರಿಯವರು ನಮ್ಮ ಪಕ್ಷಕ್ಕೆ ನಿಷ್ಠರಾದ ಕುಟುಂಬದವರು, ಮನೆ ಸಮೀಪಕ್ಕೇ ಹಾಕಿಕೊಡುವುದು" ಎಂಬುದು ಹಾಗೇ ಉಳಿಯಿತು. ನಾಯಕರು ಸಹಿ ಹಾಕಿದರು. ಅವರು ಇಸ್ವಾಣವನ್ನು ನೋಡಿದ್ದಾರೆ, ಸಾಹೇಬರನ್ನು ನೋಡಿಲ್ಲ.

5. ಆ ಪತ್ರ ದೆಹಲಿ ಮುಟ್ಟಿ, ರಾಜಕೀಯ ಒತ್ತಡ ತಂದದ್ದೇಕೆ ಎಂದು ಸಾಹೇಬರಿಗೆ ನೋಟೀಸು ಬಂತು. ನಾನು ಓಡಿಹೋಗಿ, "ನನ್ ಹೆಸ್ರು ಬರೀರಿ ಸಾಹೇಬ್ರೇ" ಎಂದೆ.

"ನಿನ್ನ ಹೆಸರು ಬರದ್ರ ಯಾಕ ಅಂತ ಕೇಳ್ತಾರ. ಆವಾಗ ದೋಣಿ ವಿಷಯ ಬರ್ತದ, ಹುಡುಗನ ಮ್ಯಾಲೆ ಕೇಸ್ ಆಗ್ತದ. ಮನಿಗೆ ಹೋಗವ್ವಾ" ಎಂದರು. 'ಈ ಪತ್ರ ನಾನು ಕೇಳಿ ಬರೆಸಿದ್ದಲ್ಲ' ಎಂದಷ್ಟೇ ಉತ್ತರ ಕೊಟ್ಟರಂತೆ. ಅವರು ಮುಚ್ಚಿಟ್ಟದ್ದನ್ನು ನಾನೇ ಮೇಲೆ 1ರಲ್ಲಿ ತಿಳಿದೇ ಬರೆದಿದ್ದೇನೆ.

ಮನೆಯಲ್ಲಿ ಬೊಮ್ಮಯ್ಯನವರು, "ಇಸ್ವಾಣೂ ಹೋಯ್ತು, ಸಾಹೇಬ್ರ ಬಡ್ತಿನೂ ಹೋಯ್ತು. ಇನ್ ಯಾರಿಗೂ ಉಪಕಾರ ಮಾಡೂಕೆ ಹೋಗ್ಬೇಡ ಮಾರಾಯ್ತಿ" ಎಂದರು. ಅದೇ ಉಲ್ಲೇಖ 3.

6. ಇನ್ನೊಬ್ಬ ಸಾಹೇಬರ ಪರವಾಗಿ ಬಂದ ಫೋನಿಗೆ ನೋಟೀಸು ಬಂದಿಲ್ಲವಂತೆ. ಪ್ರಭಾವವನ್ನು ಕಾಗದದ ಮೇಲೆ ಬೀರಬಾರದೆಂಬ ನಿಯಮ ಅರ್ಜಿದಾರಳಿಗೆ ತಿಳಿದಿರಲಿಲ್ಲ.

7. ಒಮ್ಮೆ ನಮ್ಮೂರ ದೋಣಿಯೊಂದರ ಮಾಲಕರು ತಮ್ಮ ಭಾವನನ್ನೇ ತಾಂಡೇಲನನ್ನಾಗಿ, ಅಂದರೆ ದೋಣಿ ನಡೆಸುವ ಮುಖ್ಯಸ್ಥನನ್ನಾಗಿ ಮಾಡಿದ್ದರು. ಅವನು ಯಾರ ಭಾವನೆಂದು ಅಳಿವೆಯ ಬಂಡೆಗೆ ಯಾರೂ ಹೇಳಿರಲಿಲ್ಲ. ದೋಣಿ ಒಡೆಯಿತು. ಇದು ತಮ್ಮ ಮಾಹಿತಿಗೆ ಮಾತ್ರ.

8. ಸದರಿ ನಾಯಕರು ಈ ಹಿಂದೆ ಕಡಲಕೊರೆತದ ತಡೆಗೋಡೆಗೆ, ಬಸ್ ತಂಗುದಾಣಕ್ಕೆ ಮತ್ತು ನನ್ನ ತಂಗಿ ಸುಗಂಧಾಳ ವರ್ಗಾವಣೆಗೆ ಪತ್ರ ಕೊಟ್ಟಿದ್ದಾರೆ. ಗೋಡೆ ಬರಲಿಲ್ಲ, ಕಡಲು ಬಂತು. ಜನ ಇಂದಿಗೂ ಬಿಸಿಲಲ್ಲೇ ಬಸ್ಸು ಕಾಯುತ್ತಾರೆ. ಸುಗಂಧಾ ಇದ್ದಲ್ಲೇ ಇದ್ದಾಳೆ. ಆದ್ದರಿಂದ ಅವರ ಪತ್ರವನ್ನು 'ಪ್ರಭಾವ' ಎಂದು ಪರಿಗಣಿಸುವುದು ಆ ಪತ್ರಕ್ಕೆ ಸಲ್ಲದ ಗೌರವ.

ಕಾರಣ, ಉಲ್ಲೇಖ 1ರ ಪತ್ರವನ್ನು ಬರೆದೇ ಇಲ್ಲವೆಂದು ತಿಳಿದು, ಸಾಹೇಬರನ್ನು ಅವರ ಕೆಲಸ ನೋಡಿ ಅಳೆಯಬೇಕು. ಬಡ್ತಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಕೇಳಿದರೆ ಏನಾಗುತ್ತದೆಂದು ಈಗ ಗೊತ್ತಾಗಿದೆ. ಯಾರನ್ನಾದರೂ ಶಿಕ್ಷಿಸಲೇಬೇಕಿದ್ದರೆ ನಾನು ಬೆಳಿಗ್ಗೆ ಅಂಕೋಲಾ ಮೀನುಪೇಟೆಯಲ್ಲಿ ಸಿಗುತ್ತೇನೆ.

ತಮ್ಮ ವಿಶ್ವಾಸಿ,
ದಮಯಂತಿ ಬೊಮ್ಮಯ್ಯ ಹರಿಕಂತ್ರ

ಅಡಕ:
1. ನಾಯಕರ ಫಲಿಸದ ಮೂರು ಪತ್ರಗಳ ನಕಲು.
2. ತಡೆಗೋಡೆ ಇರಬೇಕಾಗಿದ್ದ ಜಾಗದ ಫೋಟೋ (ನೀರು ಮಾತ್ರ ಕಾಣುತ್ತದೆ).
3. ಮೀನು ಲಗತ್ತಿಸಿಲ್ಲ.

ವಿಶೇಷ ಸೂಚನೆ: ಈ ಅರ್ಜಿಯ ವಿಷಯವನ್ನು ನಾಯಕರಿಗೆ ತಿಳಿಸಬಾರದಾಗಿ ವಿನಂತಿ. ತಡೆಗೋಡೆಯ ಅರ್ಜಿ ಇನ್ನೂ ಅವರ ಹತ್ತಿರವೇ ಇದೆ.